ಸ್ವಂತ ಕೈಯಲ್ಲಿ ಕಟ್ಟಿದ ವಿಮಾನ: ಮೊದಲ ಹಾರಾಟಕ್ಕೆ ಮುಂಚೆ ನೆಲದ ಮೇಲೆ ಮುಗಿಸಬೇಕಾದ ಕೆಲಸ

ವಿಮಾನ ಕಟ್ಟುವಾಗ ವರ್ಷಗಟ್ಟಲೆ ತಾಳ್ಮೆ ಇರುತ್ತದೆ. ಕೊನೆಯ ಬೋಲ್ಟ್ ಬಿಗಿ ಮಾಡಿದ ದಿನದಿಂದ ಅದು ಎಲ್ಲಿಗೋ ಹೊರಟುಹೋಗುತ್ತದೆ. ಕಂಡವರೆಲ್ಲ "ಯಾವಾಗ ಹಾರಿಸ್ತೀರಾ?" ಅಂತ ಕೇಳೋಕೆ ಶುರು ಮಾಡುತ್ತಾರೆ. ದಯವಿಟ್ಟು ಯಾರಿಗೂ ದಿನಾಂಕ ಹೇಳಬೇಡಿ. ದಿನಾಂಕ ಬಾಯಿಂದ ಹೊರಬಿತ್ತು ಅಂದರೆ ಆಮೇಲೆ ಸಣ್ಣಪುಟ್ಟ ಕೊರತೆಗಳೆಲ್ಲ "ಪರವಾಗಿಲ್ಲ, ಆಮೇಲೆ ನೋಡೋಣ" ಅನ್ನೋ ಪಟ್ಟಿಗೆ ಹೋಗುತ್ತವೆ. ಮೊದಲ ಹಾರಾಟದಲ್ಲಿ ಜನರನ್ನು ಕೊಲ್ಲುವುದು ಬಹುತೇಕ ಆ ಪಟ್ಟಿಯಲ್ಲಿರುವ ಸಂಗತಿಗಳೇ.

ನನ್ನ ಲೆಕ್ಕ ಸರಳ. ನೆಲದ ಮೇಲೆ ಉತ್ತರ ಸಿಗಬಹುದಾದ ಯಾವ ಪ್ರಶ್ನೆಯನ್ನೂ ಗಾಳಿಗೆ ತೆಗೆದುಕೊಂಡು ಹೋಗಬಾರದು. ವಿಮಾನ ಹೇಗೆ ತಿರುಗುತ್ತದೆ, ಎಷ್ಟು ವೇಗದಲ್ಲಿ ಸ್ಟಾಲ್ ಆಗುತ್ತದೆ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ) ಅನ್ನುವುದು ಹಾರಿದ ಮೇಲೆಯೇ ಗೊತ್ತಾಗುವುದು, ಸರಿ. ಆದರೆ ಎಂಜಿನ್‌ಗೆ ಸಾಕಷ್ಟು ಪೆಟ್ರೋಲ್ ಹರಿಯುತ್ತದೋ ಇಲ್ಲವೋ, ತೂಕ ಎಲ್ಲಿ ಕೂತಿದೆ, ಐಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಸರಿಯಾದ ಕಡೆಗೆ ಏಳುತ್ತದೋ ಇಲ್ಲವೋ, ಇವನ್ನೆಲ್ಲ 200 ಅಡಿ ಎತ್ತರದಲ್ಲಿ ಕಂಡುಹಿಡಿಯಬೇಕಾದ ಅಗತ್ಯವೇ ಇಲ್ಲ, ಅಲ್ವಾ?

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ಬಹಳ ಕಾಲದಿಂದ ನಡೆದುಬಂದ ಲೆಕ್ಕದ ಪ್ರಕಾರ, ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿ ಪ್ರಮಾಣಪತ್ರ ಪಡೆದದ್ದಾದರೆ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಪರೀಕ್ಷಾ ಹಾರಾಟ, ಅದೂ ನಿಗದಿ ಮಾಡಿದ ಪ್ರದೇಶದೊಳಗೆ. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೊರತಂದ 90-89 ಸಂಖ್ಯೆಯ ಸಲಹಾ ಸುತ್ತೋಲೆ ಪೂರ್ತಿ ಈ ವಿಷಯದ ಮೇಲೆಯೇ ಇದೆ, ಪುಕ್ಕಟೆ ಸಿಗುತ್ತದೆ. ನೀವು ಎಲ್ಲಿದ್ದರೂ ಓದಿ. ನಿಮ್ಮ ದೇಶದ ನಿಯಮ ಏನಿದ್ದರೂ ಭೌತಶಾಸ್ತ್ರ ಎಲ್ಲ ಕಡೆ ಒಂದೇ.

ಬೇರೆ ಕಣ್ಣು ಬೇಕು

ಹೆತ್ತವರಿಗೆ ಹೆಗ್ಗಣ ಮುದ್ದು. ನಿಮ್ಮ ವಿಮಾನವನ್ನು ನೀವೇ ಎಷ್ಟು ಸಲ ನೋಡಿದರೂ ಕಣ್ಣು ಕಾಣಬೇಕಾದ್ದನ್ನು ಕಾಣುವುದಿಲ್ಲ, ಇರಬೇಕು ಅಂತ ಮನಸ್ಸು ಅಂದುಕೊಂಡದ್ದನ್ನು ಕಾಣುತ್ತದೆ. ಅದಕ್ಕೆ ಇಬ್ಬರು ಹೊರಗಿನವರನ್ನು ಕರೆಯಿರಿ. ಒಬ್ಬರು ಇದೇ ಮಾದರಿಯ ವಿಮಾನ ಕಟ್ಟಿದವರಾದರೆ ಒಳ್ಳೆಯದು. ಇನ್ನೊಬ್ಬರು ವಿಮಾನ ಮೆಕ್ಯಾನಿಕ್ ಆಗಿರಲಿ. ಪ್ಯಾನೆಲ್, ಸೀಟು, ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಎಲ್ಲ ಬಿಚ್ಚಿಟ್ಟು ಅವರ ಕೈಗೆ ಟಾರ್ಚ್ ಮತ್ತು ಕನ್ನಡಿ ಕೊಡಿ. ಆಮೇಲೆ ನೀವು ಸುಮ್ನೆ ಇರಿ. ಪ್ರತಿಯೊಂದಕ್ಕೂ ವಿವರಣೆ ಕೊಡುತ್ತಾ ಹಿಂದೆ ಓಡಾಡಿದರೆ ಅವರೂ ನಿಮ್ಮ ಕಣ್ಣಿನಿಂದಲೇ ನೋಡೋಕೆ ಶುರು ಮಾಡುತ್ತಾರೆ.

ಅವರು ನೋಡಬೇಕಾದದ್ದು ಮುಖ್ಯವಾಗಿ ಕಂಟ್ರೋಲ್‌ಗಳ ಜೋಡಣೆ. ಪ್ರತಿ ನಟ್ ಲಾಕ್ ಆಗಿದೆಯೇ, ಕ್ಯಾಸಲ್ ನಟ್‌ಗೆ ಕಾಟರ್ ಪಿನ್ ಬಿದ್ದಿದೆಯೇ, ಸೇಫ್ಟಿ ವೈರ್ ಬಿಗಿಯುವ ದಿಕ್ಕಿಗೆ ಎಳೆಯುತ್ತಿದೆಯೇ, ರಾಡ್ ಎಂಡ್‌ಗಳಲ್ಲಿ ಸಾಕಷ್ಟು ಥ್ರೆಡ್ ಒಳಗೆ ಹೋಗಿದೆಯೇ. ಟಾರ್ಕ್ ಮಾಡಿದ, ಅಂದರೆ ಹೇಳಿದಷ್ಟೇ ಬಲಕ್ಕೆ ಬಿಗಿ ಮಾಡಿದ, ಪ್ರತಿ ನಟ್ ಮೇಲೆ ಬಣ್ಣದ ಗೆರೆ ಎಳೆಯುವ ಅಭ್ಯಾಸ ಒಳ್ಳೆಯದು. ಗೆರೆ ಇಲ್ಲದ ನಟ್ ಕಂಡರೆ ಅದು ಬರೀ ಕೈಯಲ್ಲಿ ತಿರುಗಿಸಿ ಬಿಟ್ಟದ್ದು ಅಂತಲೇ ಲೆಕ್ಕ.

ಆಮೇಲೆ ದಿಕ್ಕು. ನಗಬೇಡಿ, ಐಲರಾನ್ ಉಲ್ಟಾ ಜೋಡಿಸಿಕೊಂಡು ಹಾರಿ ಬಿದ್ದವರು ಇದ್ದಾರೆ. ಸ್ಟಿಕ್ (ವಿಮಾನ ನಡೆಸುವ ಕೋಲು) ಹಿಡಿದು ಹೆಬ್ಬೆರಳು ನೆಟ್ಟಗೆ ನಿಲ್ಲಿಸಿ. ಸ್ಟಿಕ್ ಎಡಕ್ಕೆ ವಾಲಿಸಿದರೆ ಹೆಬ್ಬೆರಳು ಎಡ ರೆಕ್ಕೆಯನ್ನು ತೋರಿಸುತ್ತದೆ, ಆ ಕಡೆಯ ಐಲರಾನ್ ಮೇಲೆದ್ದಿರಬೇಕು. ಸ್ಟಿಕ್ ಹಿಂದಕ್ಕೆ ಎಳೆದರೆ ಬಾಲದ ಅಡ್ಡ ರೆಕ್ಕೆಯಲ್ಲಿರುವ ಎಲಿವೇಟರ್‌ನ ಹಿಂದಂಚು ಮೇಲಕ್ಕೆ. ಸ್ಟಿಕ್ ಮೇಲಿನ ಭಾರ ಇಳಿಸುವ ಟ್ರಿಮ್ ಟ್ಯಾಬ್ ಮಾತ್ರ ಇದಕ್ಕೆ ವಿರುದ್ಧ: ಮೂಗು ಮೇಲೆ ಅಂತ ಟ್ರಿಮ್ ಕೊಟ್ಟರೆ ಎಲಿವೇಟರ್ ಮೇಲಿನ ಪುಟ್ಟ ಟ್ಯಾಬ್ ಕೆಳಕ್ಕೆ ಹೋಗಬೇಕು. ಎಲೆಕ್ಟ್ರಿಕ್ ಟ್ರಿಮ್ ಇದ್ದರೆ ಎರಡು ವೈರ್ ಅದಲು ಬದಲಾದರೆ ಸಾಕು, ಎಲ್ಲ ಉಲ್ಟಾ. ದಿಕ್ಕು ಸರಿ ಅಂತಾದ ಮೇಲೆ ಕೋನಮಾಪಕ ಇಟ್ಟು ಎಷ್ಟು ಡಿಗ್ರಿ ಚಲಿಸುತ್ತದೆ ಅಂತ ಅಳೆದು ನಕ್ಷೆಯಲ್ಲಿರುವ ಅಂಕಿಯ ಜೊತೆ ಹೋಲಿಸಿ. ಕೊನೆಗೆ, ಒಬ್ಬರು ಹೊರಗೆ ನಿಂತು ರೆಕ್ಕೆಯ ಕಡೆ ಐಲರಾನ್ ಗಟ್ಟಿಯಾಗಿ ಹಿಡಿದುಕೊಳ್ಳಲಿ, ನೀವು ಒಳಗಿಂದ ಸ್ಟಿಕ್ ಮೇಲೆ ಮೆಲ್ಲಗೆ ಬಲ ಹಾಕಿ. ಎಲ್ಲಾದರೂ ಸಡಿಲ ಇದ್ದರೆ, ಬಾಗುತ್ತಿದ್ದರೆ ಆಗಲೇ ಕೈಗೆ ಗೊತ್ತಾಗುತ್ತದೆ.

ತೂಕ ಮತ್ತು ಸಿಜಿ

ಕಿಟ್ ತಯಾರಕರು ಕೊಟ್ಟ ತೂಕ ನಿಮ್ಮ ವಿಮಾನದ ತೂಕ ಅಲ್ಲ. ಬಣ್ಣ, ದೊಡ್ಡ ಬ್ಯಾಟರಿ, ಮೆತ್ತನೆಯ ಸೀಟು, ಇನ್ನೊಂದು ಪರದೆ, ಎಲ್ಲ ಸೇರಿರುತ್ತದೆ. ಮೂರು ಚಕ್ರಗಳ ಕೆಳಗೂ ಸರಿಯಾದ ತಕ್ಕಡಿ ಇಟ್ಟು, ಬಾಗಿಲು ಮುಚ್ಚಿದ ಶೆಡ್ಡಿನೊಳಗೆ, ವಿಮಾನವನ್ನು ಹಾರುವ ಭಂಗಿಯಲ್ಲಿ ಮಟ್ಟ ಮಾಡಿ ತೂಗಿ. ಗಾಳಿ ಬೀಸುತ್ತಿದ್ದರೆ ರೆಕ್ಕೆ ಸ್ವಲ್ಪ ಎತ್ತುತ್ತದೆ, ತೂಕ ಸುಳ್ಳು ಹೇಳುತ್ತದೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಬಾಲಚಕ್ರದ ವಿಮಾನ. ಮೂಗಿನ ತುದಿಯಿಂದ ಅಳತೆ. ಮುಂದಿನ ಎರಡು ಚಕ್ರ ಸೇರಿ 328 ಕೆಜಿ, 1.5 ಮೀಟರ್ ದೂರದಲ್ಲಿ. ಬಾಲಚಕ್ರ 22 ಕೆಜಿ, 5.7 ಮೀಟರ್ ದೂರದಲ್ಲಿ. ಗುಣಿಸಿದರೆ 492 ಮತ್ತು 125.4, ಒಟ್ಟು 617.4. ಅದನ್ನು ಒಟ್ಟು ತೂಕ 350ರಿಂದ ಭಾಗಿಸಿದರೆ 1.76 ಮೀಟರ್. ಇದು ಖಾಲಿ ವಿಮಾನದ ಗುರುತ್ವ ಕೇಂದ್ರ, ಎಲ್ಲರೂ ಸಿಜಿ ಅಂತ ಕರೆಯುವುದು ಇದನ್ನೇ. ಈಗ 75 ಕೆಜಿಯ ಪೈಲಟ್ 2 ಮೀಟರ್ ದೂರದಲ್ಲಿ ಕೂತರೆ ಸಿಜಿ 1.81ಕ್ಕೆ ಹೋಗುತ್ತದೆ. ಮೂಗಿನ ಟ್ಯಾಂಕಿನಲ್ಲಿ, 1.7 ಮೀಟರ್‌ನಲ್ಲಿ, ಸುಮಾರು 29 ಕೆಜಿ ಇಂಧನ ಹಾಕಿದರೆ 1.80. ಅಂದರೆ ಇಂಧನ ಖರ್ಚಾದ ಹಾಗೆ ಸಿಜಿ ಹಿಂದಕ್ಕೆ ಸರಿಯುತ್ತದೆ. ಹೊರಡುವಾಗ ಸರಿಯಿದ್ದ ವಿಮಾನ ಇಳಿಯುವಾಗ ವಿನ್ಯಾಸಕಾರರು ಕೊಟ್ಟ ಸಿಜಿ ಮಿತಿಯ ಹೊರಗೆ ಇರಬಹುದು. ಅದಕ್ಕೇ ತುಂಬಿದ ಟ್ಯಾಂಕಿಗೊಂದು, ಖಾಲಿಯಾದ ಟ್ಯಾಂಕಿಗೊಂದು ಲೆಕ್ಕ ಹಾಕಬೇಕು.

ಮೊದಲ ಹಾರಾಟಕ್ಕೆ ಸಿಜಿ ಮಿತಿಯ ಮುಂದಿನ ಅರ್ಧದಲ್ಲಿ ಇರಲಿ, ಆದರೆ ಮುಂದಿನ ಗೆರೆಗೆ ಅಂಟಿಕೊಂಡಿರುವುದು ಬೇಡ. ಸಿಜಿ ತೀರಾ ಮುಂದಿದ್ದರೆ ಇಳಿಯುವಾಗ ಮೂಗು ಎತ್ತೋಕೆ ಕಷ್ಟ, ಅಷ್ಟೇ. ತೀರಾ ಹಿಂದಿದ್ದರೆ ವಿಮಾನ ತಾನಾಗಿ ನೆಟ್ಟಗೆ ನಿಲ್ಲುವುದೇ ಇಲ್ಲ, ಸ್ಟಾಲ್ ಆದರೆ ಹೊರಬರೋಕೂ ಆಗದೇ ಇರಬಹುದು. ಭಾರ ಬೇಕಾದರೆ ಮರಳಿನ ಚೀಲ ಗಟ್ಟಿಯಾಗಿ ಕಟ್ಟಿ. ಸರಿಯುವ ಭಾರ ಇರುವುದಕ್ಕಿಂತ ಭಾರವೇ ಇಲ್ಲದಿರುವುದು ಮೇಲು.

ಇಂಧನ: ಇಲ್ಲಿ ಸಮಯ ಕೊಡಿ

ಬೇರೆ ಎಲ್ಲ ಓಡಿಸಿಕೊಂಡು ಓದಿದರೂ ಇದನ್ನು ನಿಧಾನವಾಗಿ ಓದಿ. ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಇಂಥ ವಿಮಾನಗಳ ಬಗ್ಗೆ ಒಂದು ಅಧ್ಯಯನ ಹೊರತಂದಿತು. ಅಪಘಾತಗಳಿಗೆ ಮುಖ್ಯ ಕಾರಣ ಎರಡು ಅಂತ ಅದರಲ್ಲಿ ಕಂಡುಬಂತು: ಎಂಜಿನ್ ಕೈಕೊಡುವುದು, ಹಾರಾಟದಲ್ಲಿ ಹಿಡಿತ ತಪ್ಪುವುದು. ಎಂಜಿನ್ ಕೈಕೊಟ್ಟಿತು ಅಂದಾಗ ಎಷ್ಟೋ ಸಲ ಎಂಜಿನ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಹೊಟ್ಟೆಗೆ ಬಿದ್ದಿರುವುದಿಲ್ಲ. ನೆಲದ ಮೇಲೆ ಮಟ್ಟವಾಗಿ ನಿಂತಾಗ ಸರಾಗ ಓಡಿದ ಎಂಜಿನ್, ಮೂಗು ಎತ್ತಿ ಪೂರ್ತಿ ಪವರ್‌ನಲ್ಲಿ ಏರುವಾಗ ಕೆಮ್ಮುತ್ತದೆ. ಅದು ಆಗುವುದು ರನ್‌ವೇ ಮುಗಿದ ಮೇಲೆ, ಅದೇ ತೊಂದರೆ.

ಪರೀಕ್ಷೆ ಹೀಗೆ. ವಿಮಾನದ ಮೂಗನ್ನು ಅತಿ ಕಡಿದಾಗಿ ಏರುವ ಭಂಗಿಗಿಂತ ಒಂದೆರಡು ಡಿಗ್ರಿ ಜಾಸ್ತಿ ಎತ್ತಿ ನಿಲ್ಲಿಸಿ. ಬಾಲಚಕ್ರದ ವಿಮಾನವಾದರೆ ಬಾಲವನ್ನು ಗುಂಡಿಗೆ ಇಳಿಸಬೇಕಾಗಬಹುದು, ಮೂಗುಚಕ್ರದ್ದಾದರೆ ಮುಂದಿನ ಚಕ್ರದ ಕೆಳಗೆ ಗಟ್ಟಿ ಇಳಿಜಾರು ಹಲಗೆ. ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ, ಕಟ್ಟಿಹಾಕಿ. ಟ್ಯಾಂಕಿನಲ್ಲಿ ಸ್ವಲ್ಪವೇ ಇಂಧನ ಇರಲಿ. ಕಾರ್ಬ್ಯುರೇಟರ್ ಹತ್ತಿರ ಪೈಪ್ ಬಿಚ್ಚಿ ಅಳತೆ ಪಾತ್ರೆಗೆ ಬಿಡಿ, ಕೈಯಲ್ಲಿ ಸ್ಟಾಪ್‌ವಾಚ್. ಟ್ಯಾಂಕಿನ ಮುಚ್ಚಳ ಮುಚ್ಚಿರಲೇಬೇಕು. ಮುಚ್ಚಳ ತೆಗೆದಿಟ್ಟರೆ ಗಾಳಿ ಒಳಬರುವ ವೆಂಟ್ ಕಟ್ಟಿಕೊಂಡಿದ್ದರೂ ಗೊತ್ತಾಗುವುದಿಲ್ಲ. ಬಣ್ಣ ಹೊಡೆಯುವಾಗ ವೆಂಟ್‌ಗೆ ಟೇಪ್ ಹಾಕಿ ಮರೆತಿರುತ್ತಾರೆ, ಇಲ್ಲದಿದ್ದರೆ ಹುಳ ಗೂಡು ಕಟ್ಟಿರುತ್ತದೆ.

ಎಷ್ಟು ಹರಿಯಬೇಕು? ಗುರುತ್ವದಿಂದ ಇಳಿಯುವ ವ್ಯವಸ್ಥೆಯಾದರೆ, ಪೂರ್ತಿ ಪವರ್‌ನಲ್ಲಿ ಎಂಜಿನ್ ಕುಡಿಯುವುದರ ಶೇ. 150. ಪಂಪ್ ಇದ್ದರೆ ಶೇ. 125. ನಿಮ್ಮ ಎಂಜಿನ್ ಗಂಟೆಗೆ 24 ಲೀಟರ್ ಕುಡಿಯುತ್ತದೆ ಅನ್ನಿ. ಗುರುತ್ವದ್ದಾದರೆ ಗಂಟೆಗೆ 36 ಲೀಟರ್ ಬರಬೇಕು, ಅಂದರೆ ಒಂದು ಲೀಟರ್ ತುಂಬೋಕೆ 100 ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು. ಪಂಪ್‌ನದಾದರೆ 120 ಸೆಕೆಂಡ್. ಪ್ರತಿ ಟ್ಯಾಂಕ್ ಬೇರೆ ಬೇರೆ ಮಾಡಿ. ಎರಡು ಪಂಪ್ ಇದ್ದರೆ ಒಂದೊಂದಾಗಿ. ಹರಿವು ನಿಲ್ಲುವವರೆಗೂ ಬಿಟ್ಟು ನೋಡಿದರೆ ಟ್ಯಾಂಕಿನಲ್ಲಿ ಬಳಸಲಾಗದೆ ಉಳಿಯುವುದು ಎಷ್ಟು ಅಂತಲೂ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಅಳೆದು ಅಳೆದು ತುಂಬಿಸುತ್ತಾ ಮೀಟರಿನ ಮುಳ್ಳು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಗುರುತು ಹಾಕಿಕೊಳ್ಳಿ. ಕೊನೆಯಲ್ಲಿ ಫಿಲ್ಟರ್ ಬಿಚ್ಚಿ ನೋಡಿ. ಹೊಸ ಟ್ಯಾಂಕಿನಿಂದ ಸೀಲಂಟ್ ಚೂರು, ಫೈಬರ್‌ಗ್ಲಾಸ್ ಪುಡಿ ಬಂದೇ ಬರುತ್ತದೆ. ಫಿಲ್ಟರ್ ಸ್ವಚ್ಛ ಬರುವವರೆಗೆ ಮತ್ತೆ ಮತ್ತೆ ತೊಳೆಯಿರಿ. ಇದೆಲ್ಲ ಬಯಲಿನಲ್ಲಿ, ಪಾತ್ರೆ ಮತ್ತು ವಿಮಾನದ ನಡುವೆ ಅರ್ಥ್ ವೈರ್ ಕಟ್ಟಿಕೊಂಡು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ ಇಟ್ಟುಕೊಂಡು ಮಾಡಬೇಕಾದ ಕೆಲಸ.

ಇನ್ನು ಇಂಧನದ ಸೆಲೆಕ್ಟರ್ ವಾಲ್ವ್, ಅಂದರೆ ಯಾವ ಟ್ಯಾಂಕಿನಿಂದ ಇಂಧನ ಬರಬೇಕು ಅಂತ ಆರಿಸುವ ವಾಲ್ವ್. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಲಾಂಗ್-ಈಝಡ್ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ವಿಮಾನ ಬೇರೆಯವರು ಕಟ್ಟಿದ್ದು, ಡೆನ್ವರ್ ಅದನ್ನು ಆಗಷ್ಟೇ ಕೊಂಡಿದ್ದರು. ಮೂಲ ವಿನ್ಯಾಸದಲ್ಲಿ ಇದ್ದ ಜಾಗ ಬಿಟ್ಟು ಸೆಲೆಕ್ಟರ್ ಹಿಡಿಯನ್ನು ಪೈಲಟ್‌ನ ಎಡ ಭುಜದ ಹಿಂದೆ ಕೂರಿಸಲಾಗಿತ್ತು. ಅದನ್ನು ತಿರುಗಿಸೋಕೆ ಮೈ ಹೊರಳಿಸಬೇಕು, ಹೊರಳಿಸುವಾಗ ಕಾಲು ಬಲ ರಡ್ಡರ್ ಪೆಡಲ್ (ಮೂಗನ್ನು ಪಕ್ಕಕ್ಕೆ ತಿರುಗಿಸುವುದು) ಒತ್ತಿರಬೇಕು, ಹಾಗೆ ಹಿಡಿತ ತಪ್ಪಿತು ಅಂತ ತನಿಖೆ ಹೇಳಿತು. ನಿಮ್ಮ ವಿಮಾನದಲ್ಲಿ ಬೆಲ್ಟ್ ಬಿಗಿಯಾಗಿ ಕಟ್ಟಿಕೊಂಡು, ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಸ್ಟಿಕ್ ಅಲುಗಾಡಿಸದೆ ಸೆಲೆಕ್ಟರ್ ತಿರುಗಿಸಿ ನೋಡಿ. ಆಗದಿದ್ದರೆ ಅದನ್ನು ಸರಿಯಾದ ಜಾಗಕ್ಕೆ ತರುವವರೆಗೆ ಹಾರುವ ಮಾತು ಬೇಡ.

ವೇಗದ ಮೀಟರ್

ಇದು ಸಣ್ಣ ಕೆಲಸ, ಆದರೆ ಬಿಡುವವರೇ ಜಾಸ್ತಿ. ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಾಗಿಸಿ ಬಣ್ಣದ ನೀರು ಹಾಕಿ, ಪಿಟಾಟ್ ಕೊಳವೆಗೂ (ವೇಗದ ಮೀಟರಿಗೆ ಎದುರುಗಾಳಿಯ ಒತ್ತಡ ತರುವುದು) ಅದಕ್ಕೂ ಒಂದೇ ಒತ್ತಡ ಹೋಗುವ ಹಾಗೆ ಟಿ ಜೋಡಿಸಿ, ಟಿಯ ಮೂರನೇ ಬಾಯಿಗೆ ರಬ್ಬರ್ ಕೊಳವೆ ಸಿಕ್ಕಿಸಿ. ಆ ಕೊಳವೆಯ ಕೊನೆ ಮಡಚಿ ನಿಧಾನವಾಗಿ ಸುತ್ತುತ್ತಾ ಬಂದರೆ ಒತ್ತಡ ಏರುತ್ತದೆ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 48 ಮಿಲಿಮೀಟರ್ ಆದಾಗ ಮೀಟರ್ ಗಂಟೆಗೆ 100 ಕಿಲೋಮೀಟರ್ ತೋರಿಸಬೇಕು. ವೇಗ ಎರಡರಷ್ಟಾದರೆ ನೀರು ನಾಲ್ಕರಷ್ಟು, ಅಂದರೆ 200ಕ್ಕೆ 193 ಮಿಲಿಮೀಟರ್. ಕೊಳವೆಯನ್ನು ಹಾಗೆಯೇ ಹಿಡಿದು ನಿಲ್ಲಿಸಿದಾಗ ಮುಳ್ಳು ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಬಾಯಿಂದ ಊದಬೇಡಿ, ಮೀಟರ್ ಹಾಳಾಗುತ್ತದೆ.

ಎಂಜಿನ್ ಮತ್ತು ಟ್ಯಾಕ್ಸಿ

ಮೊದಲ ಸಲ ಸ್ಟಾರ್ಟ್ ಮಾಡುವಾಗ ವಿಮಾನ ಹಗ್ಗದಲ್ಲಿ ಕಟ್ಟಿರಲಿ, ಪ್ರೊಪೆಲ್ಲರ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು, ಪಕ್ಕದಲ್ಲೂ. 30 ಸೆಕೆಂಡಿನೊಳಗೆ ಆಯಿಲ್ ಒತ್ತಡ ಏರದಿದ್ದರೆ ಆರಿಸಿಬಿಡಿ. ಐಡಲ್‌ನಲ್ಲಿ ಓಡುವಾಗ ಒಂದು ಕ್ಷಣ, ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋದ ಸ್ವಿಚ್ ಪೂರ್ತಿ ಆಫ್ ಮಾಡಿ ನೋಡಿ. ಎಂಜಿನ್ ಸಾಯುವ ಲಕ್ಷಣ ತೋರಿಸದಿದ್ದರೆ ಅರ್ಥಿಂಗ್ ವೈರ್ ಬಿಟ್ಟುಹೋಗಿದೆ. ಅಂಥ ಎಂಜಿನ್‌ನ ಪ್ರೊಪೆಲ್ಲರ್ ಕೈಯಿಂದ ಸ್ವಲ್ಪ ತಿರುಗಿಸಿದರೂ ಹೊತ್ತಿಕೊಳ್ಳಬಹುದು. ಪ್ರತಿ ಓಟದ ನಂತರ ಕೌಲಿಂಗ್ ಬಿಚ್ಚಿ ಸೋರಿಕೆ, ಉಜ್ಜಿದ ಗುರುತು ಹುಡುಕಿ.

ಎಂಜಿನ್ ಹೊಸದಾಗಿದ್ದರೆ ಒಂದು ಇಕ್ಕಟ್ಟಿದೆ. ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಹೊಂದಿಕೊಳ್ಳೋಕೆ ಜೋರು ಪವರ್ ಬೇಕು, ಚೆನ್ನಾಗಿ ತಂಪಾಗಬೇಕು. ಎರಡೂ ಸಿಗುವುದು ಗಾಳಿಯಲ್ಲಿ. ನೆಲದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಓಡಿಸಿದರೆ ಗೋಡೆ ನುಣುಪಾಗಿ ರಿಂಗು ಕೂರುವುದೇ ಇಲ್ಲ. ಹಾಗಾಗಿ ನೆಲದ ಓಟಗಳು ಚಿಕ್ಕದಾಗಿರಲಿ, ಪ್ರತಿಯೊಂದಕ್ಕೂ ಒಂದು ಉದ್ದೇಶ ಇರಲಿ. ಕೈಯಲ್ಲಿ ಕಾಗದ, ಕಾಗದದ ಮೇಲೆ ನೋಡಬೇಕಾದ ಅಂಕಿ. ಸುಮ್ನೆ ಶಬ್ದ ಕೇಳೋಕೆ ಅಂತ ಸ್ಟಾರ್ಟ್ ಮಾಡಬೇಡಿ, ಆಸೆ ಆಗುತ್ತೆ ಅಂತ ಗೊತ್ತು.

ನಿಧಾನದ ಟ್ಯಾಕ್ಸಿ, ಅಂದರೆ ವಿಮಾನವನ್ನು ನೆಲದ ಮೇಲೆಯೇ ಓಡಿಸುವುದು, ಬೇಕೇ ಬೇಕು: ಬ್ರೇಕ್ ಎರಡೂ ಕಡೆ ಒಂದೇ ಸಮ ಹಿಡಿಯುತ್ತದೋ, ನೆಟ್ಟಗೆ ಹೋಗುತ್ತದೋ, ಸೀಟಿನಿಂದ ಹೊರಗೆ ಏನು ಕಾಣುತ್ತದೆ. ವೇಗದ ಟ್ಯಾಕ್ಸಿ ಬಗ್ಗೆ ಜನ ಜಗಳ ಆಡುತ್ತಾರೆ. ನನ್ನ ಅಭಿಪ್ರಾಯ, ಕಡಿಮೆ ಮಾಡಿ. ಒಬ್ಬರೇ ಕೂತ, ಅರ್ಧ ಟ್ಯಾಂಕಿನ ಹಗುರ ವಿಮಾನ ನೀವು ಅಂದುಕೊಂಡದ್ದಕ್ಕಿಂತ ಬೇಗ ಏಳುತ್ತದೆ. ಹಾರುವ ಉದ್ದೇಶವೇ ಇಲ್ಲದೆ ಹತ್ತು ಅಡಿ ಎದ್ದು, ಗಾಬರಿಯಲ್ಲಿ ಥ್ರಾಟಲ್ ಎಳೆದು ಪವರ್ ಇಳಿಸಿ ರನ್‌ವೇ ಕೊನೆಯಲ್ಲಿ ಬೇಲಿಗೆ ಹೊಕ್ಕವರಿದ್ದಾರೆ. ಅಂದಾಜು ಸ್ಟಾಲ್ ವೇಗದ ಶೇ. 80 ದಾಟಬೇಡಿ, ಪ್ರತಿ ಓಟದ ನಡುವೆ ಬ್ರೇಕ್ ಆರಲಿ, ಮತ್ತು ಅಕಸ್ಮಾತ್ ಎದ್ದರೆ ಹಾರೋಕೆ ತಯಾರಾಗಿಯೇ ಕೂತಿರಿ. ಬೇಕಂತಲೇ ಸ್ವಲ್ಪ ಎತ್ತಿ ಮತ್ತೆ ಇಳಿಸುವ ಕುಪ್ಪಳಿಕೆಯಂತೂ ಬೇಡವೇ ಬೇಡ.

ಯಾರು ಹಾರಿಸಬೇಕು, ಏನು ಮಾಡಬೇಕು

ಕಟ್ಟಿದವರೇ ಹಾರಿಸಬೇಕು ಅಂತ ಎಲ್ಲೂ ಬರೆದಿಲ್ಲ. ಕಟ್ಟುವ ವರ್ಷಗಳಲ್ಲಿ ಎಷ್ಟೋ ಜನ ಹಾರುವುದನ್ನೇ ಬಿಟ್ಟಿರುತ್ತಾರೆ, ದುಡ್ಡು ಸಮಯ ಎರಡೂ ಶೆಡ್ಡಿಗೆ ಹೋಗಿರುತ್ತದೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಕೈ ಪಳಗಿದೆ ಅಂತಲ್ಲ. ಇದೇ ಮಾದರಿಯ ವಿಮಾನದಲ್ಲಿ, ಅದನ್ನು ಚೆನ್ನಾಗಿ ಬಲ್ಲ ಬೋಧಕರ ಜೊತೆ ಹಾರಿ ಕಲಿಯಿರಿ. ಅದಾಗದಿದ್ದರೆ ಹಾಗೆಯೇ ವರ್ತಿಸುವ ಬೇರೆ ವಿಮಾನ. ಅದೂ ಆಗದಿದ್ದರೆ ಕೀ ಬೇರೆಯವರಿಗೆ ಕೊಡಿ. ಆ ಮಾದರಿ ಹಾರಿಸಿ ಅಭ್ಯಾಸ ಇರುವ ಪೈಲಟ್‌ಗೆ ನಿಮ್ಮ ವಿಮಾನದ ಮೇಲೆ ಮಮತೆ ಇರುವುದಿಲ್ಲ. ಎಂಜಿನ್ ನಿಂತರೆ ಅವರು ವಿಮಾನವನ್ನು ಮುರಿದುಕೊಂಡು ತಾವು ಬದುಕುವ ದಾರಿ ಹುಡುಕುತ್ತಾರೆ. ನೀವು ವಿಮಾನ ಉಳಿಸೋಕೆ ರನ್‌ವೇ ಕಡೆ ತಿರುಗಿಸುತ್ತೀರಿ.

ಆ ತಿರುವಿನ ಬಗ್ಗೆ ಹೊರಡುವ ಮುಂಚೆಯೇ ತೀರ್ಮಾನ ಆಗಿರಬೇಕು. ಎದ್ದ ಕೂಡಲೇ ಎಂಜಿನ್ ನಿಂತರೆ ಮೊದಲು ಮೂಗು ಕೆಳಗೆ, ವೇಗ ಉಳಿಸಿಕೊಳ್ಳಿ, ಮುಂದೆ ಅಥವಾ ಎರಡೂ ಬದಿ ಸುಮಾರು 30 ಡಿಗ್ರಿಯೊಳಗೆ ಸಿಕ್ಕ ಜಾಗದಲ್ಲಿ ಇಳಿಯಿರಿ. ಹಿಂದಿನ ದಿನ ರನ್‌ವೇ ಆಚೆ ನಡೆದುಹೋಗಿ ಆ ಜಾಗದಲ್ಲಿ ಏನಿದೆ ಅಂತ ಕಣ್ಣಾರೆ ನೋಡಿ ಬನ್ನಿ. ವಿದ್ಯುತ್ ತಂತಿ, ಹಳ್ಳ, ಮನೆ. ಚೆನ್ನಾಗಿಲ್ಲದಿದ್ದರೆ ಬೇರೆ ರನ್‌ವೇಗೆ ವಿಮಾನ ಸಾಗಿಸಿ, ರೆಕ್ಕೆ ಬಿಚ್ಚಿ ಲಾರಿಯಲ್ಲಾದರೂ ಸರಿ. ರನ್‌ವೇ ಪಕ್ಕ ಒಂದು ಗುರುತು ಇಡಿ: ಇಷ್ಟರೊಳಗೆ ಚಕ್ರ ನೆಲ ಬಿಡದಿದ್ದರೆ ಥ್ರಾಟಲ್ ಎಳೆಯುವುದು, ಚರ್ಚೆ ಇಲ್ಲ.

ಹಾರಾಟದ ಯೋಜನೆ ಒಂದೇ ಹಾಳೆಯಲ್ಲಿ ಮುಗಿಯಬೇಕು. ಬೆಳಗಿನ ಹೊತ್ತು, ಗಾಳಿ ಐದು ನಾಟ್ (ಗಂಟೆಗೆ ಸುಮಾರು 9 ಕಿಲೋಮೀಟರ್) ಒಳಗೆ, ಆಕಾಶ ತಿಳಿ. ಒಬ್ಬರೇ. ಮೈದಾನದ ಮೇಲೆಯೇ ಸುತ್ತುತ್ತಾ ನೆಲದಿಂದ ಸುಮಾರು 3,000 ಅಡಿಗೆ ಏರುವುದು, ಯಾವಾಗ ಎಂಜಿನ್ ನಿಂತರೂ ತೇಲಿಕೊಂಡು ರನ್‌ವೇಗೆ ಬರೋಕೆ ಆಗುವ ಹಾಗೆ. ಚಕ್ರ ಮಡಚುವಂತಿದ್ದರೂ ಮಡಚಬೇಡಿ. ತಾಪ, ಒತ್ತಡ ಸ್ಥಿರವಾದ ಮೇಲೆ ಇಳಿಯುವ ಸ್ಥಿತಿಗೆ ವಿಮಾನ ತಂದು ನಿಧಾನ ಮಾಡುತ್ತಾ ಬನ್ನಿ. ಸ್ಟಾಲ್‌ನ ಮೊದಲ ನಡುಕ ಬಂದಾಗ ಮೀಟರ್ ಎಷ್ಟು ತೋರಿಸುತ್ತದೋ ಅದರ 1.3 ಪಟ್ಟು ನಿಮ್ಮ ಇಳಿಯುವ ವೇಗ. ಮೀಟರ್ ಸ್ವಲ್ಪ ತಪ್ಪು ತೋರಿಸುತ್ತಿದ್ದರೂ ಈ ಲೆಕ್ಕ ಹೆಚ್ಚುಕಮ್ಮಿ ಕಾಪಾಡುತ್ತದೆ, ಏಕೆಂದರೆ ಎರಡೂ ಅಂಕಿ ಒಂದೇ ಮೀಟರಿನವು. ಅಷ್ಟು ಸಾಕು, ಇಳಿಯಿರಿ. ಪೂರ್ತಿ ಸ್ಟಾಲ್, ಕಡಿದಾದ ತಿರುವು, ಗರಿಷ್ಠ ವೇಗ, ಹಿಂದಿನ ಸಿಜಿ, ಎಲ್ಲಕ್ಕೂ ಮುಂದಿನ ಗಂಟೆಗಳಿವೆ. ಬಾಗಿಲು ತೆರೆದುಕೊಂಡರೆ? ಗದ್ದಲ ಆಗುತ್ತದೆ, ವಿಮಾನ ಸಾಮಾನ್ಯವಾಗಿ ಹಾರುತ್ತಲೇ ಇರುತ್ತದೆ. ಮುಚ್ಚೋಕೆ ಹೋಗದೆ ಹಾರಿಸುವುದರ ಮೇಲೆ ಗಮನ ಇಡಿ.

ನೆಲದಲ್ಲಿ ಇಬ್ಬರು ಸಾಕು, ರೇಡಿಯೋ, ದೊಡ್ಡ ಬೆಂಕಿ ಆರಿಸುವ ಸಿಲಿಂಡರ್, ಕ್ಯಾನೊಪಿ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ) ಒಡೆಯೋಕೆ ಸುತ್ತಿಗೆ. ಬಾಗಿಲು ಹೊರಗಿಂದ ಹೇಗೆ ತೆಗೆಯುವುದು, ಬೆಲ್ಟ್ ಹೇಗೆ ಬಿಚ್ಚುವುದು, ಇಂಧನ ಮತ್ತು ಬ್ಯಾಟರಿ ಎಲ್ಲಿ ನಿಲ್ಲಿಸುವುದು ಅಂತ ಅವರ ಕೈಯಲ್ಲೇ ಮಾಡಿಸಿ. ನೆಂಟರು, ಕ್ಯಾಮೆರಾ, ಕೇಕ್ ಎಲ್ಲ ಇನ್ನೊಂದು ದಿನಕ್ಕಿರಲಿ. ನೋಡೋಕೆ ಬಂದವರು ಕಾಯುತ್ತಿದ್ದಾರೆ ಅಂತ ಗಾಳಿ ಎದ್ದ ಮೇಲೂ ಹೊರಟವರು ಕಡಿಮೆ ಇಲ್ಲ. ಪಕ್ಕದಲ್ಲಿ ಇನ್ನೊಂದು ವಿಮಾನ ಹಾರಲಿ ಅನ್ನುವುದಾದರೆ ಜೊತೆಯಾಗಿ ಹಾರುವ ತರಬೇತಿ ಇರುವವರೇ ಆಗಬೇಕು.

ಇಳಿದ ಮೇಲೆ ಮತ್ತೆ ಹತ್ತುವ ಆಸೆ ತಡೆಯಿರಿ. ಕೌಲಿಂಗ್ ಬಿಚ್ಚಿ, ಆಯಿಲ್ ಎಲ್ಲಿಂದ ಬೆವರಿದೆ ನೋಡಿ, ಎಕ್ಸಾಸ್ಟ್ ಪೈಪು, ಎಂಜಿನ್ ಮೌಂಟ್, ಪ್ರೊಪೆಲ್ಲರ್ ಬೋಲ್ಟ್‌ಗಳ ಟಾರ್ಕ್, ಬ್ರೇಕ್, ಕಂಟ್ರೋಲ್ ಜೋಡಣೆ ಎಲ್ಲ ಮೊದಲಿನಷ್ಟೇ ನಿಧಾನವಾಗಿ ನೋಡಿ, ಹಾಳೆಯಲ್ಲಿ ಬರೆದ ಅಂಕಿಗಳನ್ನು ಲಾಗ್‌ಬುಕ್‌ಗೆ ಇಳಿಸಿ. ಒಂದು ರೆಕ್ಕೆ ಭಾರವಾಗಿತ್ತು, ತಾಪ ಸ್ವಲ್ಪ ಜಾಸ್ತಿ ಇತ್ತು ಅಂತ ಅನ್ನಿಸಿದ್ದೆಲ್ಲ ಸರಿಯಾದ ಮೇಲೆ ಎರಡನೇ ಹಾಳೆ ಬರೆಯೋಕೆ ಕೂರಿ.